ಗುಂಡುಸೂಜಿ ತಲೆಯ ಮೇಲೊಂದು ಇಲಿ: ಪಳೆಯುಳಿಕೆ ಹಲ್ಲಿನಿಂದ ಪ್ರಭೇದ ಗುರುತಿಸುವುದು ಹೇಗೆ

ನನ್ನ ಮೊದಲ 'ಹೊಸ ಪ್ರಭೇದ' ಒಂದು ಹಾಲುಹಲ್ಲಾಗಿತ್ತು.

ಮೂರು ವಾರ ಅದರ ಹಿಂದೆ ಬಿದ್ದಿದ್ದೆ. ಉದ್ದ ಅಳೆದೆ, ಅಗಲ ಅಳೆದೆ, ನಾಲ್ಕು ಕಡೆಯಿಂದ ಚಿತ್ರ ಬರೆದೆ. ನಮ್ಮ ಮಣ್ಣಿನ ಪದರದಲ್ಲಿ ಸಿಕ್ಕಿದ್ದ ಯಾವ ದವಡೆಹಲ್ಲಿಗೂ ಅದು ಹೊಂದುತ್ತಿರಲಿಲ್ಲ. ಮುಂಭಾಗ ಕಿರಿದು, ಎನಾಮೆಲ್ ತೆಳು, ಒಟ್ಟು ಆಕಾರ ಸ್ವಲ್ಪ ಉದ್ದುದ್ದ. ಮನಸ್ಸಿನಲ್ಲೇ ಒಂದು ಲ್ಯಾಟಿನ್ ಹೆಸರನ್ನೂ ಇಟ್ಟಾಗಿತ್ತು. ನಮ್ಮ ಗೈಡ್ ಮೇಡಂ ಬಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಹತ್ತು ಸೆಕೆಂಡೂ ಆಗಿರಲಿಕ್ಕಿಲ್ಲ. "ಬೇರು ನೋಡಿದ್ಯಾ?" ಅಂದರು.

ನೋಡಿರಲಿಲ್ಲ. ಬೇರುಗಳು ಕಾಲು ಅಗಲಿಸಿ ನಿಂತವರ ಹಾಗೆ ಹೊರಕ್ಕೆ ಚಾಚಿಕೊಂಡಿದ್ದವು. ಕೆಳಗಡೆ ಬೆಳೆಯುವ ಶಾಶ್ವತ ಹಲ್ಲಿಗೆ ಜಾಗ ಬಿಡಬೇಕಲ್ಲ, ಅದಕ್ಕೆ ಹಾಲುಹಲ್ಲಿನ ಬೇರು ಹೀಗೆ ಇರುತ್ತದೆ. ಅದು ಅಳಿಲು ಬಳಗದ ಒಂದು ಮರಿಯ ಹಲ್ಲು. ಅದರದೇ ಪ್ರಭೇದದ ದೊಡ್ಡ ಪ್ರಾಣಿಗಳ ಹಲ್ಲುಗಳು ನನ್ನ ಪೆಟ್ಟಿಗೆಯಲ್ಲೇ, ಎರಡು ಸಾಲು ಆಚೆ ಕೂತಿದ್ದವು.

ಎರಡು ಹಲ್ಲು ಬೇರೆ ಬೇರೆಯಾಗಿ ಕಾಣಲು ಎಷ್ಟೋ ಕಾರಣಗಳಿರುತ್ತವೆ. ಒಂದು ಮೇಲಿನ ದವಡೆಯದು, ಇನ್ನೊಂದು ಕೆಳಗಿನದು ಇರಬಹುದು. ಒಂದು ಮೊದಲನೆಯದು, ಇನ್ನೊಂದು ಎರಡನೆಯದು ಇರಬಹುದು. ಒಂದು ಮರಿಯದು, ಇನ್ನೊಂದು ಮುದಿ ಪ್ರಾಣಿಯದು. ಒಂದನ್ನು ಗೂಬೆಯ ಹೊಟ್ಟೆಯ ಆಮ್ಲ ತಿಂದಿರಬಹುದು. ಅಥವಾ ಅಣ್ಣ ತಮ್ಮಂದಿರ ಮೂಗು ಬೇರೆ ಬೇರೆ ಇರುವ ಹಾಗೆ ಸುಮ್ನೆ ಎರಡು ಪ್ರಾಣಿಗಳ ನಡುವಿನ ವ್ಯತ್ಯಾಸ ಇರಬಹುದು. ಇವನ್ನೆಲ್ಲ ಒಂದೊಂದಾಗಿ ಕಳೆಯುತ್ತಾ ಬನ್ನಿ. ಎಲ್ಲ ಕಳೆದ ಮೇಲೂ ಏನಾದರೂ ಉಳಿದರೆ, ಆಗ ಪ್ರಭೇದದ ಮಾತು ಎತ್ತಿ. ನಾನು ಕೆಲಸ ಮಾಡುವುದು ಇದೇ ಕ್ರಮದಲ್ಲಿ. ಕೆಳಗೆ ಬರೆದಿರುವುದೂ ಅದೇ ಕ್ರಮದಲ್ಲಿದೆ.

ಹಲ್ಲು ಕೈಗೆ ಬರುವ ಮೊದಲು

ಇಲಿಯಂಥ ಪ್ರಾಣಿ ಸತ್ತರೆ ಅದರ ಮೂಳೆ ಬೇಗ ಪುಡಿಯಾಗುತ್ತದೆ. ಹಲ್ಲು ಉಳಿಯುತ್ತದೆ. ಎನಾಮೆಲ್ ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜವೇ. ಹಾಗಾಗಿ ಎಷ್ಟೋ ಅಳಿದ ದಂಶಕಗಳ (ಇಲಿ, ಅಳಿಲು, ಮುಳ್ಳುಹಂದಿಗಳಂಥ ಕಡಿಯುವ ಪ್ರಾಣಿಗಳ) ಬಗ್ಗೆ ನಮ್ಮ ಕೈಯಲ್ಲಿರುವುದು ಬಿಡಿ ಹಲ್ಲುಗಳು ಮಾತ್ರ. ತಲೆಬುರುಡೆ ಸಿಕ್ಕರೆ ಅದು ಹಬ್ಬ.

ಹಲ್ಲು ಹುಡುಕುವುದು ಜರಡಿಯ ಕೆಲಸ. ಮಣ್ಣನ್ನು ಚೆನ್ನಾಗಿ ಒಣಗಿಸಿ. ಪೂರ್ತಿ ಒಣಗಿದ ಜೇಡಿಮಣ್ಣು ನೀರಿಗೆ ಬಿದ್ದರೆ ತಾನಾಗಿ ಬಿರಿದು ಕರಗುತ್ತದೆ. ಅರೆಬರೆ ಒಣಗಿದ್ದು ಮುದ್ದೆಯಾಗಿ ಕೂರುತ್ತದೆ. ನೆನೆದ ಮೇಲೆ 0.5 ಮಿ.ಮೀ. ಕಿಂಡಿಯ ಜರಡಿಯಲ್ಲಿ ತೊಳೆಯಿರಿ. ಅಮೆರಿಕದ ಕ್ಲಾಡ್ ಹಿಬ್ಬರ್ಡ್ 1949ರಲ್ಲಿ ಈ ತೊಳೆಯುವ ವಿಧಾನದ ಬಗ್ಗೆ ವಿವರವಾಗಿ ಬರೆದರು. ಈಗಲೂ ಕೆಲಸ ಹೆಚ್ಚುಕಡಿಮೆ ಹಾಗೇ ನಡೆಯುತ್ತದೆ. ಕಿಂಡಿ 1 ಮಿ.ಮೀ. ಇದ್ದರೆ ಸಣ್ಣ ಇಲಿಗಳ ಮೂರನೇ ದವಡೆಹಲ್ಲು ಜಾರಿ ನೀರಿನ ಜೊತೆ ಹೋಗುತ್ತದೆ. ಆಮೇಲೆ ನಾವು 'ಈ ಪದರದಲ್ಲಿ ಸಣ್ಣ ಇಲಿಗಳು ಕಡಿಮೆ' ಅಂತ ಬರೆದು ಕೂರುತ್ತೇವೆ!

ಒಂದು ಪದರದ ಮಣ್ಣು ಮುಗಿದ ಮೇಲೆ ಜರಡಿಯನ್ನು ಬ್ರಷ್ ಹಾಕಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ. ಕಿಂಡಿಯಲ್ಲಿ ಸಿಕ್ಕಿಕೊಂಡ ಒಂದು ಹಲ್ಲು ಮುಂದಿನ ಚೀಲದ ಮಣ್ಣಿಗೆ ಸೇರಿದರೆ ಲಕ್ಷಾಂತರ ವರ್ಷ ಕಲಸಿಹೋದ ಹಾಗೆ. ಯಾವ ಪದರ, ಯಾವ ಜಾಗ, ಯಾವ ದಿನ ಅನ್ನುವ ಚೀಟಿ ಮಣ್ಣಿನ ಚೀಲದಿಂದ ಹಿಡಿದು ಕೊನೆಯ ಡಬ್ಬಿಯ ತನಕ ಜೊತೆಗೇ ಸಾಗಬೇಕು.

ಒಣಗಿದ ಕಾಳುಗಳಲ್ಲಿ ಹಲ್ಲು ಆರಿಸಲು ಚಿಮಟ ಬಳಸಬೇಡಿ. ಚಿಮಟದ ತುದಿಯಿಂದ ಹಲ್ಲು ಚಿಮ್ಮಿ ಹಾರುತ್ತದೆ. ಆಮೇಲೆ ನೆಲದ ಮೇಲೆ ಮಂಡಿಯೂರಿ ಹುಡುಕುವ ಭಾಗ್ಯ. ತೆಳು ಬ್ರಷ್ಷಿನ ತುದಿಯನ್ನು ಒದ್ದೆ ಮಾಡಿ ಮುಟ್ಟಿಸಿದರೆ ಹಲ್ಲು ತಾನಾಗಿ ಅಂಟಿಕೊಂಡು ಬರುತ್ತದೆ. ಗುಂಡುಸೂಜಿಯ ತಲೆ ಮೇಲೆ ಚೂರು ಮೇಣ ಇಟ್ಟು, ಅಗಿಯುವ ಮೇಲ್ಮೈ ಮೇಲೆ ಬರುವ ಹಾಗೆ ಕೂರಿಸಿ. ಇಲಿಯ ಹಲ್ಲೂ ಸೂಜಿಯ ತಲೆಯೂ ಹೆಚ್ಚುಕಡಿಮೆ ಒಂದೇ ಗಾತ್ರ. ಒಡೆದ ಹಲ್ಲು ಅಂಟಿಸಬೇಕಾದರೆ ಅಸಿಟೋನಿನಲ್ಲಿ ಕರಗುವ ಪ್ಯಾರಲಾಯ್ಡ್ ಬಿ-72 ಒಳ್ಳೆಯದು. ತಪ್ಪಾಗಿ ಅಂಟಿಸಿದರೆ ಬಿಡಿಸಬಹುದು. ಅಂಗಡಿಯ ಸೂಪರ್ ಗ್ಲೂ ಬೇಡ.

ಇದು ದಂಶಕದ್ದೇನಾ?

ಜರಡಿಯಲ್ಲಿ ಬರುವ ಪುಟಾಣಿ ಹಲ್ಲೆಲ್ಲ ಇಲಿಯದಲ್ಲ. ಬಾವಲಿಯದು ಬರುತ್ತದೆ, ಹಲ್ಲಿ ಕಪ್ಪೆಯದು ಬರುತ್ತದೆ, ಸೊಂಡಿಲಿಯದು ಬರುತ್ತದೆ. (ಸೊಂಡಿಲಿಯ ಹೆಸರಿನಲ್ಲಿ ಇಲಿ ಇದೆ, ಅಷ್ಟೇ. ದಂಶಕಗಳಿಗೂ ಅದಕ್ಕೂ ಹತ್ತಿರದ ಸಂಬಂಧ ಇಲ್ಲ.) ಹುಳು ತಿನ್ನುವ ಬಾವಲಿ, ಸೊಂಡಿಲಿಗಳ ಮೇಲಿನ ದವಡೆಹಲ್ಲಿನಲ್ಲಿ ಇಂಗ್ಲಿಷಿನ ಡಬ್ಲ್ಯೂ ಅಕ್ಷರದ ಹಾಗೆ ಚೂಪಾದ ಏಣುಗಳಿರುತ್ತವೆ. ಹುಳುವಿನ ಗಟ್ಟಿ ಮೈ ಕತ್ತರಿಸಲು ಮಾಡಿದ ಹಲ್ಲು ಅದು. ದಂಶಕದ ದವಡೆಹಲ್ಲು ಅರೆಯಲು, ತೇಯಲು ಇರುವುದು. ನೂರು ನೋಡಿದ ಮೇಲೆ ಕಣ್ಣಿಗೇ ಗೊತ್ತಾಗಿಬಿಡುತ್ತದೆ.

ದಂಶಕಗಳಿಗೆ ಮೇಲೆ ಒಂದು ಜೊತೆ, ಕೆಳಗೆ ಒಂದು ಜೊತೆ ಬಾಚಿಹಲ್ಲು. ಕೋರೆಹಲ್ಲು ಇಲ್ಲ. ಅಲ್ಲೊಂದು ಖಾಲಿ ಜಾಗ, ಆಮೇಲೆ ದವಡೆಹಲ್ಲುಗಳು. ಇಲಿ ಕುಟುಂಬದಲ್ಲಿ ದವಡೆಯ ಪ್ರತಿ ಬದಿಗೆ ಮೂರೇ ದವಡೆಹಲ್ಲು, ಒಟ್ಟು ಬಾಯಿಗೆ 16 ಹಲ್ಲು. ಅಳಿಲಿಗೆ ಮುಂದವಡೆಹಲ್ಲುಗಳೂ ಸೇರಿ ಸಾಮಾನ್ಯವಾಗಿ 22. ಇಲಿಗೆ ದವಡೆಯಲ್ಲಿ ಹಾಲುಹಲ್ಲೇ ಬರುವುದಿಲ್ಲ. ಅಳಿಲಿಗೆ ಬರುತ್ತದೆ. ನಾನು ಎಡವಿದ್ದು ಇಲ್ಲೇ.

ಬಾಚಿಹಲ್ಲಿನ ಚೂರುಗಳು ಲೆಕ್ಕವಿಲ್ಲದಷ್ಟು ಸಿಗುತ್ತವೆ. ಮುಂಭಾಗದಲ್ಲಿ ಮಾತ್ರ ದಪ್ಪ ಎನಾಮೆಲ್ ಇರುತ್ತದೆ. ಹಿಂದಿನ ಮೆತ್ತಗಿನ ಡೆಂಟೀನ್ (ಎನಾಮೆಲ್ ಒಳಗಿನ ಭಾಗ) ಬೇಗ ಸವೆಯುವುದರಿಂದ ಅಂಚು ಸದಾ ಉಳಿಯ ಹಾಗೆ ಚೂಪಾಗಿರುತ್ತದೆ. ಬಾಚಿಹಲ್ಲಿನಿಂದ ಪ್ರಭೇದ ಹೇಳುವುದು ಕಷ್ಟ. ಆದರೆ ಒಂದು ತುಂಡನ್ನು ಕತ್ತರಿಸಿ, ನಯ ಮಾಡಿ, ಆಮ್ಲದಲ್ಲಿ ಒಂದು ಕ್ಷಣ ಅದ್ದಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎನಾಮೆಲ್ ಒಳಗಿನ ಪಟ್ಟೆಗಳು ಕಾಣುತ್ತವೆ. ಇಲಿ, ಅಳಿಲುಗಳಲ್ಲಿ ಒಂದೊಂದು ಪಟ್ಟೆಯೂ ಒಂದೇ ಎನಾಮೆಲ್ ಕಡ್ಡಿಯಷ್ಟು ದಪ್ಪ. ಮುಳ್ಳುಹಂದಿ, ಗಿನಿಪಿಗ್ ಬಳಗದಲ್ಲಿ ಪಟ್ಟೆಯೊಂದರಲ್ಲಿ ಹಲವು ಕಡ್ಡಿಗಳು. ತೀರಾ ಹಳೆಯ ದಂಶಕಗಳದ್ದು ಇನ್ನೊಂದೇ ಬಗೆ. ದೊಡ್ಡ ಗುಂಪು ಯಾವುದು ಅಂತ ತಿಳಿಯಲು ಇದು ಸಾಕು. ಅದಕ್ಕಿಂತ ಹೆಚ್ಚು ಕೇಳಬೇಡಿ.

ಬಾಯಲ್ಲಿ ಎಲ್ಲಿತ್ತು?

ಹೊಸಬರು ಈ ಹೆಜ್ಜೆಯನ್ನು ಹಾರಿಸಿಬಿಡುತ್ತಾರೆ. ನನ್ನ ಪ್ರಕಾರ ಅರ್ಧ ಕೆಲಸ ಇದೇ. ಮೇಲಿನದಾ ಕೆಳಗಿನದಾ, ಎಡದ್ದಾ ಬಲದ್ದಾ, ಎಷ್ಟನೆಯದು? ಇದಕ್ಕೆ ಉತ್ತರ ಬರೆಯದೆ ಮುಂದಿನ ಮಾತು ಆಡಬೇಡಿ.

ಇಲಿ ಕುಟುಂಬವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೇಲಿನ ದವಡೆಹಲ್ಲು ಅಗಲ, ಅದರ ಮೇಲೆ ಉಬ್ಬುಗಳು ಉದ್ದಕ್ಕೆ ಮೂರು ಸಾಲಾಗಿ ಇರುತ್ತವೆ. ಕೆಳಗಿನದು ಕಿರಿದು, ಮುಖ್ಯ ಸಾಲುಗಳು ಎರಡೇ. ಕೆನ್ನೆಯ ಕಡೆ ಚಿಕ್ಕ ಚಿಕ್ಕ ಹೆಚ್ಚುವರಿ ಉಬ್ಬುಗಳು ಇರಬಹುದು. ಬೇರು ಸಾಮಾನ್ಯವಾಗಿ ಮೇಲಿನದಕ್ಕೆ ಮೂರು, ಕೆಳಗಿನದಕ್ಕೆ ಎರಡು. ಆದರೆ ಇದನ್ನು ಕಣ್ಣುಮುಚ್ಚಿ ನಂಬಬೇಡಿ. ಕಪ್ಪು ಇಲಿ ಸೇರಿರುವ ರಾಟಸ್ ಕುಲದಲ್ಲಿ ಮೇಲಿನ ಮೊದಲ ಹಲ್ಲಿಗೆ ಐದು ಬೇರು ಇರುವುದುಂಟು, ಕೆಳಗಿನದಕ್ಕೆ ನಾಲ್ಕು. ಮನೆ ಇಲಿ ಸೇರಿರುವ ಮುಸ್ ಕುಲದಲ್ಲಿ ಮೂರು ಮತ್ತು ಎರಡೇ. ಹಲ್ಲು ಬಿದ್ದುಹೋಗಿ ಬರೀ ದವಡೆಯ ಗುಳಿಗಳು ಉಳಿದಿದ್ದರೂ ಎಣಿಸಿ. ಅಷ್ಟರಿಂದಲೇ ಎಷ್ಟೋ ಸಲ ಕುಲ ಬೇರೆ ಮಾಡಬಹುದು.

ಎಷ್ಟನೆಯದು ಅಂತ ತಿಳಿಯಲು ಅಕ್ಕಪಕ್ಕದ ಹಲ್ಲು ಉಜ್ಜಿದ ಗುರುತು ಹುಡುಕಿ. ಹಲ್ಲಿನ ತುದಿಯಲ್ಲಿ ಒಂದು ಚಿಕ್ಕ ಚಪ್ಪಟೆ ಹೊಳಪು ಕಾಣುತ್ತದೆ. ಇಲಿಯಲ್ಲಿ ಮೊದಲ ಹಲ್ಲಿಗೆ ಈ ಗುರುತು ಹಿಂದೆ ಮಾತ್ರ. ಎರಡನೆಯದಕ್ಕೆ ಎರಡೂ ಕಡೆ. ಮೂರನೆಯದಕ್ಕೆ ಮುಂದೆ ಮಾತ್ರ, ಜೊತೆಗೆ ಹಲ್ಲು ಹಿಂದಕ್ಕೆ ಹೋದಂತೆ ಸಣ್ಣಗಾಗುತ್ತದೆ. ಅಳಿಲಿನಂತೆ ಮುಂದವಡೆಹಲ್ಲು ಇರುವ ಪ್ರಾಣಿಯಲ್ಲಿ ಮೊದಲ ದವಡೆಹಲ್ಲಿಗೂ ಎರಡೂ ಕಡೆ ಗುರುತು ಬೀಳುತ್ತದೆ. ನೆನಪಿರಲಿ.

ಎಡ ಬಲ ಹೇಳಲು ನನ್ನದೊಂದು ಸುಲಭದ ದಾರಿ ಇದೆ. ಹಲ್ಲಿನ ಮುಂತುದಿ ಮೇಲೆ ಬರುವ ಹಾಗೆ ಇಟ್ಟು ಅಗಿಯುವ ಮೇಲ್ಮೈ ನೋಡಿ. ಮೇಲಿನ ಹಲ್ಲಾದರೆ ನಾಲಿಗೆ ಕಡೆಯ ಹೆಚ್ಚುವರಿ ಸಾಲು, ಕೆಳಗಿನದಾದರೆ ಕೆನ್ನೆ ಕಡೆಯ ಹೆಚ್ಚುವರಿ ಉಬ್ಬುಗಳು. ಎರಡರಲ್ಲೂ ಆ 'ಹೆಚ್ಚುವರಿ' ಎಡಗೈ ಕಡೆ ಕಂಡರೆ ಅದು ಎಡ ಹಲ್ಲು. ಬಲಗೈ ಕಡೆ ಕಂಡರೆ ಬಲ ಹಲ್ಲು. ಇದು ಕಾಕತಾಳೀಯ ಏನಲ್ಲ. ಮೇಲಿನ ಹಲ್ಲನ್ನು ಕೆಳಗಿನಿಂದ ನೋಡುತ್ತೇವೆ, ಕೆಳಗಿನದನ್ನು ಮೇಲಿನಿಂದ. ಹಾಗಾಗಿ ನಾಲಿಗೆ, ಕೆನ್ನೆ ಅದಲುಬದಲಾಗುತ್ತವೆ. ಮೊದಮೊದಲು ಕೈಯಲ್ಲಿ ಇಲಿಯ ಬುರುಡೆ ಹಿಡಿದುಕೊಂಡೇ ಅಭ್ಯಾಸ ಮಾಡಿ.

ಹೋಲಿಸುವಾಗ ಬಲ ಹಲ್ಲಿನ ಚಿತ್ರವನ್ನು ಕನ್ನಡಿಯಲ್ಲಿ ತಿರುಗಿಸಿದ ಹಾಗೆ ತಿರುಗಿಸಿ, ಎಲ್ಲವನ್ನೂ ಎಡ ಹಲ್ಲಾಗಿ ಜೋಡಿಸಿ. ತಿರುಗಿಸಿದ್ದೇವೆ ಅಂತ ಚಿತ್ರದ ಕೆಳಗೆ ಬರೆಯಿರಿ. ಇಂಗ್ಲಿಷ್ ಬರಹಗಳಲ್ಲಿ ಮೇಲಿನ ಹಲ್ಲಿಗೆ ದೊಡ್ಡ ಎಂ, ಕೆಳಗಿನದಕ್ಕೆ ಚಿಕ್ಕ ಎಂ ಬಳಸುವ ರೂಢಿ ಇದೆ. (ಎಂ ಅಂದರೆ ಮೋಲಾರ್, ದವಡೆಹಲ್ಲು. ಎಂ1 ಮೊದಲನೆಯದು, ಎಂ2 ಎರಡನೆಯದು.) ಟೈಪ್ ಮಾಡುವಾಗ ಒಂದು ಕೀಲಿ ತಪ್ಪಿದರೆ ದವಡೆಯೇ ಬದಲಾಗಿಹೋಗುತ್ತದೆ. ಅದಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ 'ಮೇಲಿನ ಎಂ1', 'ಕೆಳಗಿನ ಎಂ1' ಅಂತಲೇ ಬರೆಯುತ್ತೇನೆ.

ಸವೆತ ಮಾಡುವ ಮೋಸ

ಮರಿಯ ಹೊಸ ಹಲ್ಲಿನಲ್ಲಿ ಉಬ್ಬುಗಳು ಬಿಡಿಬಿಡಿಯಾಗಿ, ಗುಡ್ಡಗಳ ಹಾಗೆ ನಿಂತಿರುತ್ತವೆ. ಸವೆಯುತ್ತಾ ಹೋದಂತೆ ತುದಿಯ ಎನಾಮೆಲ್ ಹೋಗಿ ಒಳಗಿನ ಡೆಂಟೀನ್ ಕೆರೆಯ ಹಾಗೆ ತೆರೆದುಕೊಳ್ಳುತ್ತದೆ. ಇನ್ನೂ ಸವೆದರೆ ಕೆರೆಗಳು ಒಂದಕ್ಕೊಂದು ಸೇರುತ್ತವೆ. ಮುದಿ ಪ್ರಾಣಿಯಲ್ಲಿ ಇಡೀ ಮೇಲ್ಮೈ ಒಂದೇ ಕೆರೆ. ಈ ಮೂರನ್ನೂ ಪಕ್ಕಪಕ್ಕ ಇಟ್ಟರೆ ಮೂರು ಕುಲ ಅನ್ನಿಸುತ್ತದೆ. ಹಿಂದಿನ ಕಾಲದಲ್ಲಿ ಹಾಗೆ ಹೆಸರು ಪಡೆದ ಹಲ್ಲುಗಳೂ ಇವೆ.

ಹಾಗಾಗಿ ಮೊದಲು ಸವೆತದ ಪ್ರಕಾರ ಸಾಲು ಮಾಡಿ. ಹೊಸದರಿಂದ ಹಳೆಯದಕ್ಕೆ. ಹೋಲಿಕೆ ಒಂದೇ ಹಂತದ ಹಲ್ಲುಗಳ ನಡುವೆ ಮಾತ್ರ. ಸಾಲು ಜೋಡಿಸಿದಾಗ ಒಂದು ಆಕಾರ ಇನ್ನೊಂದಕ್ಕೆ ಮೆಲ್ಲಗೆ ಹರಿದರೆ ಅದು ಬರೀ ವಯಸ್ಸು. ಎಲ್ಲೋ ಒಂದು ಕಡೆ ಧಡಕ್ಕನೆ ಜಿಗಿತ ಕಂಡರೆ ಕುರ್ಚಿ ಹತ್ತಿರ ಎಳೆದುಕೊಳ್ಳಿ.

ಎತ್ತರದ ಹಲ್ಲುಗಳಲ್ಲಿ ತೊಂದರೆ ಇನ್ನೂ ಜಾಸ್ತಿ. ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದಾದ ಹಲ್ಲು ಸವೆದಷ್ಟೂ ಮೇಲ್ಮೈ ದೊಡ್ಡದಾಗುತ್ತದೆ. ಮೇಲ್ಮೈಯ ಉದ್ದ ಮಾತ್ರ ಅಳೆದರೆ ಅಜ್ಜನೂ ಮೊಮ್ಮಗನೂ ಬೇರೆ ಪ್ರಭೇದ ಆಗಿಬಿಡುತ್ತಾರೆ. ಬುಡದ ಅಳತೆಯನ್ನೂ ತೆಗೆದುಕೊಳ್ಳಿ.

ಇದೇ ಎತ್ತರದ ಹಲ್ಲುಗಳು ಒಳ್ಳೆಯ ಸುಳಿವೂ ಹೌದು. ವೋಲ್ ಎಂಬ ಗಿಡ್ಡ ಬಾಲದ ಇಲಿಗಳ ಕಥೆ ನೋಡಿ. ಯುರೋಪಿನಲ್ಲಿದ್ದ ಮಿಮೋಮಿಸ್ ಕುಲದ ಪ್ರಾಣಿಗಳಿಗೆ ವಯಸ್ಸಾದಂತೆ ದವಡೆಹಲ್ಲಿಗೆ ಬೇರು ಮೂಡುತ್ತಿತ್ತು. ಅದರಿಂದ ಬಂದ ಆರ್ವಿಕೋಲ ಕುಲದಲ್ಲಿ ಬೇರೇ ಇಲ್ಲ, ಹಲ್ಲು ಜೀವಮಾನವಿಡೀ ಬೆಳೆಯುತ್ತದೆ. ಈ ಬದಲಾವಣೆ ಆದದ್ದು ಸುಮಾರು 5ರಿಂದ 6 ಲಕ್ಷ ವರ್ಷಗಳ ಹಿಂದೆ. ಅಲ್ಲಿಗೇ ನಿಲ್ಲಲಿಲ್ಲ. ಆಮೇಲೆ ಹಲ್ಲಿನ ಮೇಲ್ಮೈಯಲ್ಲಿ ಕಾಣುವ ತ್ರಿಕೋನಗಳ ಮುಂದಿನ ಗೋಡೆ, ಹಿಂದಿನ ಗೋಡೆಗಳ ಎನಾಮೆಲ್ ದಪ್ಪವೂ ಬದಲಾಗುತ್ತಾ ಬಂತು. ಹಳೆಯವುಗಳಲ್ಲಿ ಹಿಂದಿನ ಗೋಡೆ ದಪ್ಪ, ಹೊಸವುಗಳಲ್ಲಿ ಬಹುಮಟ್ಟಿಗೆ ಮುಂದಿನದು. ಎರಡರ ಅನುಪಾತವನ್ನು ಲೆಕ್ಕ ಹಾಕಿ ಪದರಗಳ ಹಿಂದು ಮುಂದು ಹೇಳುತ್ತಾರೆ. ಬರೀ ಒಂದು ಹಲ್ಲಿನ ಗೋಡೆ!

ಗೂಬೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಣ್ಣ ದಂಶಕಗಳ ಹಲ್ಲು ಒಂದೇ ಕಡೆ ರಾಶಿ ಬೀಳಲು ಎಷ್ಟೋ ಸಲ ಗೂಬೆ ಉಗುಳಿದ ಉಂಡೆಗಳೇ ಕಾರಣ. ಹೊಟ್ಟೆಯ ಆಮ್ಲ ಉಬ್ಬುಗಳ ಅಂಚನ್ನು ಕರಗಿಸಿ ಉರುಟು ಮಾಡಿರುತ್ತದೆ. ಏಣು ಮೊಂಡಾಗಿ, ಎನಾಮೆಲ್ ಮಾಸಲಾಗಿ ಕಂಡರೆ ಅದನ್ನು ಲಕ್ಷಣ ಅಂತ ಬರೆಯಬೇಡಿ.

ಉಬ್ಬುಗಳ ನಕ್ಷೆ

ಈಗ ಕುಟುಂಬ ಹುಡುಕೋಣ. ಅಳಿಲಿನ ಹಲ್ಲು ಗಿಡ್ಡ, ನಡುವೆ ಬಟ್ಟಲಿನಂಥ ತಗ್ಗು, ಅಡ್ಡಕ್ಕೆ ಕೆಲವು ಏಣು. ಹಾರುವ ಅಳಿಲುಗಳಲ್ಲಿ ಎನಾಮೆಲ್ ಸುಕ್ಕುಗಟ್ಟಿರುವುದು ಜಾಸ್ತಿ. ಡಾರ್ಮೌಸ್ ಎಂಬ ಪುಟ್ಟ ದಂಶಕದ ಹಲ್ಲಿನ ಮೇಲೆ ಬಾಚಣಿಗೆ ಎಳೆದ ಹಾಗೆ ಒಂದರ ಪಕ್ಕ ಒಂದು ಅಡ್ಡ ಏಣುಗಳು. ವೋಲ್ ಹಲ್ಲು ತ್ರಿಕೋನಗಳ ಸರ. ಹ್ಯಾಮ್‌ಸ್ಟರ್ ಬಳಗದ ಮೇಲಿನ ಹಲ್ಲಿನಲ್ಲಿ ಉಬ್ಬುಗಳು ಎರಡು ಸಾಲು, ನಡುವೆ ಉದ್ದಕ್ಕೆ ಒಂದು ಏಣು. ಇಲಿ ಕುಟುಂಬದಲ್ಲಿ ನಾಲಿಗೆ ಕಡೆ ಮೂರನೇ ಸಾಲು ಸೇರಿರುತ್ತದೆ.

ಪ್ರತಿ ಉಬ್ಬಿಗೂ ಹೆಸರಿದೆ. ಕಲಿಯಲೇಬೇಕು, ಬೇರೆ ದಾರಿ ಇಲ್ಲ. ಪ್ರೋಟೋಕೋನ್, ಪ್ಯಾರಾಕೋನ್, ಮೆಟಾಕೋನ್, ಹೈಪೋಕೋನ್ ಮೇಲಿನ ಹಲ್ಲಿನವು. ಕೆಳಗಿನದಾದರೆ ಕೊನೆಗೆ 'ಇಡ್' ಸೇರುತ್ತದೆ: ಪ್ರೋಟೋಕೋನಿಡ್, ಹೀಗೆ. ದಂಶಕಗಳಿಗೆ ಈ ಹೆಸರುಗಳನ್ನು ಒಂದು ಕ್ರಮಕ್ಕೆ ತಂದದ್ದು ವುಡ್ ಮತ್ತು ವಿಲ್ಸನ್, 1936ರಲ್ಲಿ. ಇಲಿ ಕುಟುಂಬಕ್ಕೆ ಇನ್ನೂ ಸುಲಭದ ಪದ್ಧತಿ ಇದೆ, ಗೆರಿಟ್ ಮಿಲ್ಲರ್ 1912ರಲ್ಲಿ ಬಳಸಿದ್ದು. ಮೇಲಿನ ಹಲ್ಲಿನ ಉಬ್ಬುಗಳಿಗೆ ಸುಮ್ನೆ ಟಿ1ರಿಂದ ಟಿ9ರ ತನಕ ನಂಬರು. ಮುಂದಿನ ಅಡ್ಡಸಾಲು ಟಿ1, ಟಿ2, ಟಿ3. ನಡುವಿನದು ಟಿ4, ಟಿ5, ಟಿ6. ಹಿಂದಿನದು ಟಿ7, ಟಿ8, ಟಿ9. ಎಡ ಹಲ್ಲನ್ನು ಮುಂತುದಿ ಮೇಲೆ ಮಾಡಿ ಇಟ್ಟರೆ ಎಡದಿಂದ ಬಲಕ್ಕೆ ಓದಿಕೊಂಡು ಹೋಗಬಹುದು. ಎಲ್ಲ ಒಂಬತ್ತೂ ಇರಲೇಬೇಕು ಅಂತಿಲ್ಲ. ರಾಟಸ್‌ನಲ್ಲಿ ಟಿ7 ಇಲ್ಲ. ಕಾಡಿಲಿ ಅಪೋಡೀಮಸ್‌ನಲ್ಲಿ ಇದೆ. ಇಂಥ ಒಂದು ಉಬ್ಬಿನ ಮೇಲೆ ಎಷ್ಟೋ ವಾದ ನಡೆದಿದೆ.

ಈ ನಕ್ಷೆ ಓದುವುದರಿಂದ ಏನೆಲ್ಲ ತಿಳಿಯಬಹುದು ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಪಾಕಿಸ್ತಾನದ ಪೋಟ್ವಾರ್ ಪ್ರಸ್ಥಭೂಮಿಯದು. ಅಲ್ಲಿನ ಶಿವಾಲಿಕ್ ಪದರಗಳು ಒಂದರ ಮೇಲೊಂದು, ಹೆಚ್ಚು ಕಡಿತವಿಲ್ಲದೆ ಸಿಗುತ್ತವೆ. ಸುಮಾರು 1.4 ಕೋಟಿ ವರ್ಷ ಹಳೆಯ ಪದರಗಳಿಂದ ಲೂಯಿಸ್ ಜೇಕಬ್ಸ್ 1977ರಲ್ಲಿ ಆಂಟೆಮಸ್ ಎಂಬ ಕುಲವನ್ನು ವಿವರಿಸಿದರು. ಅದರ ಮೇಲಿನ ಹಲ್ಲಿನಲ್ಲಿ ಮೂರನೇ ಸಾಲಿನ ಉಬ್ಬುಗಳು ಕಾಣಿಸಿಕೊಂಡಿವೆ, ಆದರೆ ಪಕ್ಕದವುಗಳ ಜೊತೆ ಇನ್ನೂ ಸರಿಯಾಗಿ ಕೂಡಿಕೊಂಡಿಲ್ಲ. ಮೇಲಿನ ಪದರಗಳಿಗೆ ಬಂದರೆ ಪ್ರೋಗೊನೊಮಿಸ್. ಅದರಲ್ಲಿ ಮೂರು ಮೂರು ಉಬ್ಬುಗಳು ಸೇರಿ ಕಮಾನಾಗಿವೆ, ಇಂದಿನ ಇಲಿಯ ಹಾಗೆ. ಈ ಹಲ್ಲುಗಳನ್ನೇ ಆಧಾರ ಮಾಡಿಕೊಂಡು, ಮನೆ ಇಲಿಯ ವಂಶ ಮತ್ತು ಕಪ್ಪು ಇಲಿಯ ವಂಶ ಸುಮಾರು 1.2 ಕೋಟಿ ವರ್ಷಗಳ ಹಿಂದೆ ಬೇರೆಯಾದವು ಅಂತ ಡಿಎನ್‌ಎ ಲೆಕ್ಕಗಳಲ್ಲಿ ಬಹಳ ಕಾಲ ಬಳಸಿದರು. ಆಮೇಲೆ ಆ ಲೆಕ್ಕ ಮರುಪರಿಶೀಲನೆಗೂ ಬಂತು. ಅದು ಸಹಜವೇ.

ಒಂದು ಎಚ್ಚರಿಕೆ. ಒಂದೇ ಬಗೆಯ ಆಹಾರ ತಿಂದರೆ ಸಂಬಂಧವಿಲ್ಲದ ಪ್ರಾಣಿಗಳಿಗೂ ಒಂದೇ ಬಗೆಯ ಹಲ್ಲು ಬರುತ್ತದೆ. ಹುಲ್ಲು ತಿನ್ನುವವರ ಹಲ್ಲು ಎತ್ತರವಾಗುವುದು ದಂಶಕಗಳಲ್ಲಿ ಎಷ್ಟೋ ಸಲ, ಬೇರೆ ಬೇರೆಯಾಗಿ ನಡೆದಿದೆ. ಎತ್ತರ ನೋಡಿ ಸಂಬಂಧ ಕಟ್ಟಬೇಡಿ. ಉಬ್ಬುಗಳು ಯಾವ ದಾರಿಯಲ್ಲಿ ಕೂಡಿಕೊಂಡಿವೆ ಅನ್ನುವುದನ್ನು ನೋಡಿ.

ಅಳತೆ

ಅತಿ ಹೆಚ್ಚು ಉದ್ದ, ಅತಿ ಹೆಚ್ಚು ಅಗಲ. ಮಿ.ಮೀ.ನಲ್ಲಿ ಎರಡು ದಶಾಂಶ. ಹಲ್ಲು ವಾಲಿದ್ದರೆ ಅಳತೆ ಕಡಿಮೆ ಬರುತ್ತದೆ, ಮೇಲ್ಮೈ ಮಟ್ಟವಾಗಿರಲಿ. ನಾನು ಒಂದೇ ಹಲ್ಲನ್ನು ಹತ್ತು ಬೇರೆ ಬೇರೆ ದಿನ ಅಳೆದು ನೋಡಿದೆ. 0.03 ಮಿ.ಮೀ. ತನಕ ಆಚೀಚೆ ಆಯಿತು. ಅಂದರೆ ಅದಕ್ಕಿಂತ ಚಿಕ್ಕ ವ್ಯತ್ಯಾಸದ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲ. ನಿಮ್ಮ ಕೈಯ ತಪ್ಪು ಎಷ್ಟು ಅಂತ ನೀವೂ ಮೊದಲೇ ತಿಳಿದುಕೊಳ್ಳಿ.

ಹತ್ತಾರು ಹಲ್ಲು ಇದ್ದರೆ ಸರಾಸರಿ, ಪ್ರಮಾಣ ವಿಚಲನೆ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಲೆಕ್ಕ) ತೆಗೆಯಿರಿ. ವಿಚಲನೆಯನ್ನು ಸರಾಸರಿಯಿಂದ ಭಾಗಿಸಿ 100ರಿಂದ ಗುಣಿಸಿ. ಸರಾಸರಿ 1.90, ವಿಚಲನೆ 0.08 ಅಂದುಕೊಳ್ಳಿ. ಉತ್ತರ 4.2. ಒಂದೇ ಪ್ರಭೇದದ ಮೊದಲ ದವಡೆಹಲ್ಲಿನ ಉದ್ದಕ್ಕೆ ಈ ಸಂಖ್ಯೆ ಸಾಮಾನ್ಯವಾಗಿ 4ರಿಂದ 6ರ ಆಸುಪಾಸಿನಲ್ಲಿ ಇರುತ್ತದೆ. ವಿಚಲನೆ 0.21 ಆಗಿದ್ದರೆ ಉತ್ತರ 11. ಆಗ ರಾಶಿಯಲ್ಲಿ ಎರಡು ಪ್ರಭೇದ ಕಲಸಿವೆಯಾ ಅಂತ ಅನುಮಾನ ಪಡಬೇಕು. ಅಥವಾ ಯಾರೋ ಎಂ1 ಜೊತೆ ಎಂ2 ಸೇರಿಸಿದ್ದಾರಾ ಅಂತ. ಎರಡನೆಯದೇ ಜಾಸ್ತಿ! ಮೂರನೇ ದವಡೆಹಲ್ಲು ಸಹಜವಾಗಿಯೇ ಹೆಚ್ಚು ಬದಲಾಗುತ್ತದೆ, ಅದರ ಮೇಲೆ ಪ್ರಭೇದ ಕಟ್ಟಬೇಡಿ. ಈ ಸಂಖ್ಯೆ ಚಿಕ್ಕದಾಗಿ ಬಂದರೆ ಒಂದೇ ಪ್ರಭೇದ ಅಂತ ಸಾಬೀತಾಗುವುದೂ ಇಲ್ಲ. ಒಂದೇ ಗಾತ್ರದ ಎರಡು ಪ್ರಭೇದ ಒಟ್ಟಿಗೆ ಬದುಕಿದ್ದಿರಬಹುದು. ಉದ್ದ ಅಗಲದ ನಕ್ಷೆ ಬರೆಯಲು, ಲೆಕ್ಕ ಮಾಡಲು ಪಾಸ್ಟ್ ಎಂಬ ಉಚಿತ ತಂತ್ರಾಂಶ ಸಾಕಷ್ಟಾಯಿತು.

ಈ ಸಂಖ್ಯೆಗಳಿಗಿಂತ ನನಗೆ ಹೆಚ್ಚು ಕಲಿಸಿದ್ದು ಒಂದು ಡ್ರಾಯರ್. ಹಾಲುಹಲ್ಲಿನ ಅವಮಾನದ ಮಾರನೆಯ ವಾರ ಮೇಡಂ ಇಂದಿನ ಇಲಿಯ ಒಂದೇ ಪ್ರಭೇದದ, ಒಂದೇ ಜಾಗದ ಮೂವತ್ತು ಬುರುಡೆ ಇದ್ದ ಡ್ರಾಯರ್ ಎಳೆದು ಮುಂದಿಟ್ಟರು. "ಇದರಲ್ಲಿ ಎಷ್ಟು ಪ್ರಭೇದ ಇವೆ ಹೇಳು." ನೋಡಿದರೆ ಒಂದರಲ್ಲಿ ಟಿ3 ಬಹುತೇಕ ಮಾಯ. ಇನ್ನೊಂದರಲ್ಲಿ ಎಲ್ಲೂ ಇಲ್ಲದ ಪುಟ್ಟ ಉಬ್ಬು. ಒಂದು ಬುರುಡೆಯ ಎಡಗಡೆ ಇದ್ದ ಉಬ್ಬು ಅದರದೇ ಬಲಗಡೆ ಇಲ್ಲ! ಬಿಡಿ ಹಲ್ಲುಗಳಾಗಿ ಸಿಕ್ಕಿದ್ದರೆ ನಾನು ಕನಿಷ್ಠ ನಾಲ್ಕು ಹೆಸರು ಇಡುತ್ತಿದ್ದೆ. ನಿಮ್ಮ ಗುಂಪಿಗೆ ಹತ್ತಿರದ, ಇಂದು ಬದುಕಿರುವ ಪ್ರಾಣಿಯ ಹಲ್ಲುಗಳನ್ನು ಒಂದು ದಿನವಾದರೂ ಕೂತು ನೋಡದೆ ಪಳೆಯುಳಿಕೆಗೆ ಕೈ ಹಾಕಬೇಡಿ.

ಯಾರ ಜೊತೆ ಹೋಲಿಸುವುದು

ಹಲ್ಲು ನೋಡಿ ಹೆಸರಿಟ್ಟ ಪ್ರಭೇದಕ್ಕೆ ಸಾಮಾನ್ಯವಾಗಿ ಮಾದರಿ ಹಲ್ಲು ಒಂದಿರುತ್ತದೆ. ಹೋಲೋಟೈಪ್ ಅನ್ನುತ್ತಾರೆ. ಹೆಸರು ಅಂಟಿಕೊಂಡಿರುವುದು ಆ ಹಲ್ಲಿಗೆ. ಸಾಧ್ಯವಾದರೆ ಅದನ್ನೇ ನೋಡಿ. ಆಗದಿದ್ದರೆ ಅದರ ಅಚ್ಚು, ಸ್ಕ್ಯಾನ್, ಒಳ್ಳೆಯ ಫೋಟೋ. ಹಳೆಯ ರೇಖಾಚಿತ್ರ ಕೊನೆಯ ಆಯ್ಕೆ. ಚಿತ್ರ ಬರೆದವರು ಎಲ್ಲಿ ನೆರಳು ಹಾಕಿದ್ದಾರೋ ಅಲ್ಲಿ ಏಣು ಇತ್ತೋ, ಬರೀ ಕೊಳೆ ಇತ್ತೋ ಯಾರಿಗೆ ಗೊತ್ತು?

ಹೋಲಿಸುವಾಗ ಪದರದ ವಯಸ್ಸನ್ನು ಸಾಕ್ಷಿಯಾಗಿ ತರಬೇಡಿ. 'ಈ ಕಾಲದಲ್ಲಿ ಇರುವುದು ಆ ಪ್ರಭೇದವೇ, ಹಾಗಾಗಿ ಇದು ಅದೇ' ಅಂತ ಗುರುತಿಸುತ್ತೇವೆ. ಇನ್ನೊಬ್ಬರು ಬಂದು ಆ ಪ್ರಭೇದ ಸಿಕ್ಕಿದೆ ಅಂತ ಪದರಕ್ಕೆ ವಯಸ್ಸು ಕೊಡುತ್ತಾರೆ. ಗಾಣದೆತ್ತು ಎಷ್ಟು ನಡೆದರೂ ಇದ್ದಲ್ಲೇ ಇರುತ್ತದೆ. ಹಲ್ಲಿನ ಆಕಾರ ಮಾತ್ರ ನೋಡಿ ತೀರ್ಮಾನಕ್ಕೆ ಬನ್ನಿ. ವಯಸ್ಸು ಹೊಂದುತ್ತದಾ ಅಂತ ಆಮೇಲೆ ನೋಡಿ.

ಹೋಲಿಕೆಯ ಪಟ್ಟಿಯನ್ನು ತೀರಾ ಚಿಕ್ಕದು ಮಾಡಿಕೊಳ್ಳುವುದೂ ಅಪಾಯ. ಲಾವೋಸ್ ದೇಶದ ಮಾರುಕಟ್ಟೆಯಲ್ಲಿ ಮಾರಾಟಕ್ಕಿದ್ದ ಒಂದು ದಂಶಕವನ್ನು 2005ರಲ್ಲಿ ಲಾವೊನಾಸ್ಟಿಸ್ ಅಂತ ಹೆಸರಿಟ್ಟು, ಹೊಸ ಕುಟುಂಬಕ್ಕೇ ಸೇರಿಸಿದರು. ಬದುಕಿರುವ ಪ್ರಾಣಿಗಳಲ್ಲಿ ಅದಕ್ಕೆ ಹೋಲುವಂಥದ್ದು ಇರಲಿಲ್ಲ. ಮರುವರ್ಷ ಮೇರಿ ಡಾಸನ್ ಮತ್ತು ಜೊತೆಗಾರರು ಅದರ ದವಡೆ, ಹಲ್ಲುಗಳನ್ನು ಪಳೆಯುಳಿಕೆಗಳ ಪಕ್ಕ ಇಟ್ಟು ನೋಡಿದರು. 1.1 ಕೋಟಿ ವರ್ಷಗಳ ಹಿಂದೆಯೇ ಅಳಿಯಿತು ಅಂದುಕೊಂಡಿದ್ದ ಡಯಾಟೊಮೈಡೀ ಕುಟುಂಬ ಅದು!

ಹೆಸರು

ಗೊತ್ತಿರುವ ಪ್ರಭೇದವೇ ಅನ್ನಿಸಿದರೆ ಆ ಹೆಸರು ಬರೆಯಿರಿ. ಬಹುಶಃ ಅದೇ, ಆದರೆ ಹಲ್ಲು ಮುರಿದಿದೆ ಅಥವಾ ಸಾಲದು ಅನ್ನಿಸಿದರೆ ಪ್ರಭೇದದ ಹೆಸರಿಗೆ ಮೊದಲು 'ಸಿಎಫ್' ಸೇರಿಸಿ. ಅದಕ್ಕೆ ಹತ್ತಿರ, ಆದರೆ ಅದಲ್ಲ ಅನ್ನಿಸಿದರೆ 'ಎಎಫ್‌ಎಫ್'. ಕುಲ ಮಾತ್ರ ಗೊತ್ತಾದರೆ 'ಎಸ್‌ಪಿ'. ಅದೂ ಇಲ್ಲದಿದ್ದರೆ 'ಇಂಡೆಟ್', ಅಂದರೆ ತೀರ್ಮಾನವಾಗಿಲ್ಲ. ಇಂಡೆಟ್ ಬರೆಯಲು ನಾಚಿಕೆ ಬೇಡ. ನನ್ನ ಪಟ್ಟಿಗಳಲ್ಲಿ ಅದು ಧಾರಾಳವಾಗಿದೆ.

ನಿಜವಾಗಿಯೂ ಹೊಸದು ಅನ್ನಿಸಿತು ಅಂದುಕೊಳ್ಳಿ. ಪ್ರಾಣಿಗಳ ಹೆಸರಿಗೆ ಅಂತರರಾಷ್ಟ್ರೀಯ ಸಂಹಿತೆ ಇದೆ, ಅದರ ನಾಲ್ಕನೇ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಬೇರೆ ಪ್ರಭೇದಗಳಿಂದ ಇದು ಹೇಗೆ ಬೇರೆ ಅನ್ನುವ ಲಕ್ಷಣಗಳನ್ನು ಬರೆಯಬೇಕು. ಮಾದರಿ ಹಲ್ಲು ಯಾವುದು, ಎಲ್ಲಿ ಇಡಲಾಗಿದೆ ಅಂತ ಸ್ಪಷ್ಟವಾಗಿ ಹೇಳಬೇಕು. ಆನ್‌ಲೈನ್‌ನಲ್ಲಿ ಮಾತ್ರ ಪ್ರಕಟಿಸುವುದಾದರೆ ಝೂಬ್ಯಾಂಕ್‌ನಲ್ಲಿ ನೋಂದಣಿಯೂ ಬೇಕು. ಒಂದೇ ಹಲ್ಲಿನ ಮೇಲೆ ಹೊಸ ಪ್ರಭೇದ ಕಟ್ಟಲು ಸಂಹಿತೆ ಅಡ್ಡ ಬರುವುದಿಲ್ಲ. ನಾನು ಮಾತ್ರ ಒಪ್ಪುವುದಿಲ್ಲ. ಕನಿಷ್ಠ ಒಂದೇ ಪದರದ ಹತ್ತು ಹನ್ನೆರಡು ಹಲ್ಲು ಇರಲಿ, ಮೇಲಿನವೂ ಕೆಳಗಿನವೂ ಇರಲಿ. ಮಾದರಿಗೆ ಸ್ವಲ್ಪವೇ ಸವೆದ, ಎಲ್ಲೂ ಮುರಿಯದ ಹಲ್ಲು ಆರಿಸಿ. ಇಲಿ ಕುಟುಂಬವಾದರೆ ಮೇಲಿನ ಎಂ1 ಒಳ್ಳೆಯದು. ವೋಲ್ ಆದರೆ ಕೆಳಗಿನ ಎಂ1.

ಇನ್ನೊಂದು ತಲೆನೋವು ಉಳಿದಿದೆ. ಪೋಟ್ವಾರ್‌ನಂಥ ಕಡೆ ಪದರದಿಂದ ಪದರಕ್ಕೆ ಹಲ್ಲು ಮೆಲ್ಲಗೆ ಬದಲಾಗುತ್ತಾ ಹೋದರೆ ಹಳೆಯ ಪ್ರಭೇದ ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು? ಪ್ರಾಣಿಗಳ ಮಟ್ಟಿಗೆ ಅಲ್ಲಿ ಗೆರೆ ಇರಲೇ ಇಲ್ಲ. ಎಳೆಯುವವರು ನಾವು. ಹಾಗಾಗಿ ಎಲ್ಲಿ, ಯಾವ ಲಕ್ಷಣ ನೋಡಿ ಗೆರೆ ಎಳೆದಿರಿ ಅಂತ ಬರೆದುಬಿಡಿ. ಮುಂದೆ ಬರುವವರು ಬೇಕಾದರೆ ಜರುಗಿಸಿಕೊಳ್ಳಲಿ.

ನನ್ನ ಹತ್ತಿರ ಇಂಡೆಟ್ ಹಲ್ಲುಗಳದ್ದೇ ಒಂದು ಪೆಟ್ಟಿಗೆ ಇದೆ. ವರ್ಷಕ್ಕೊಮ್ಮೆ ತೆಗೆದು ಮೊದಲಿನಿಂದ ನೋಡುತ್ತೇನೆ. ಹಿಂದೊಮ್ಮೆ ಅದರಲ್ಲಿ ಮೂರು ಮೇಲಿನ ಎಂ2 ಇದ್ದವು. ನಮ್ಮ ಪದರದ ಯಾವ ಎಂ1ಕ್ಕೂ ಅವು ಜೋಡಿ ಅಲ್ಲ ಅಂದುಕೊಂಡು, ಪಟ್ಟಿಯಲ್ಲಿ ಐದನೇ ಪ್ರಭೇದ ಅಂತ ಲೆಕ್ಕ ಹಿಡಿದಿದ್ದೆವು. ಮುಂದಿನ ತೊಳೆತದಲ್ಲಿ ಒಂದು ದವಡೆಯ ಚೂರು ಬಂತು. ಅದರಲ್ಲಿ ಎಂ1, ಎಂ2 ಎರಡೂ ಜಾಗದಲ್ಲೇ ಇದ್ದವು. ಎಂ1 ನಮಗೆ ಚೆನ್ನಾಗಿ ಗೊತ್ತಿದ್ದ ಎರಡನೇ ಪ್ರಭೇದದ್ದು. ಪಕ್ಕದ ಎಂ2, ಪೆಟ್ಟಿಗೆಯ ಆ ಮೂರರ ತದ್ರೂಪ. ಐದು ಇದ್ದದ್ದು ನಾಲ್ಕಾಯಿತು. ಮೂರು ಹಲ್ಲಿಗೂ ಹೊಸ ಚೀಟಿ ಬರೆದೆ. ಹಳೆಯ ಚೀಟಿಗಳನ್ನು ಎಸೆಯದೆ, ಮಡಚಿ ಅದೇ ಡಬ್ಬಿಯಲ್ಲಿ ಅಡಿಗೆ ಇಟ್ಟೆ.